ಕಂದಕದ ಪಕ್ಕದ ಎಡೆ

ನಾನು ಮಾಡುವುದಕ್ಕೆ ಪ್ರವಾಸ ಎನ್ನುವುದಿಲ್ಲ, ಬಿಟ್ಟಿ ಚಾಕರಿ ಎನ್ನುತ್ತಾರೆ ಎಂದು ನನ್ನ ಅಣ್ಣ ಹೇಳುತ್ತಾನೆ. ಹೋದ ಊರಿನಲ್ಲಿ ಯಾರದಾದರೂ ಮನೆಯಲ್ಲಿ ಅಡುಗೆಯನ್ನೋ ತೋಟದ ಕೆಲಸವನ್ನೋ ಮಾಡಿಕೊಡುತ್ತೇನೆ. ಬದಲಿಗೆ ಅವರು ಊಟ ಹಾಕಿ ಮಲಗಲು ಒಂದು ಕೋಣೆ ಕೊಡುತ್ತಾರೆ. ಸಾಕೆನಿಸಿದಾಗ ಬ್ಯಾಗು ಹೆಗಲಿಗೇರಿಸಿ ಮುಂದಿನ ಬಸ್ಸು ಹತ್ತುತ್ತೇನೆ. ದಾವಣಗೆರೆಯ ಹಾಸ್ಟೆಲ್ಲೊಂದರಲ್ಲಿ ವರ್ಷಗಟ್ಟಲೆ ಅಡುಗೆಮನೆ ನೋಡಿಕೊಂಡವಳಿಗೆ ಇನ್ನೊಬ್ಬರ ಒಲೆ ಹೊಸದಲ್ಲ. ಗಂಡನಿಲ್ಲ, ಮಕ್ಕಳಿಲ್ಲ, ಎಲ್ಲಿಗೆ ಹೊರಟೆ ಎಂದು ಕೇಳುವವರಿಲ್ಲ. ಕೇಳುವವನು ಅಣ್ಣ ಒಬ್ಬ, ಅವನಿಗೆ ನಾನು ಉತ್ತರ ಕೊಡುವುದಿಲ್ಲ. ಹಾಗೆ ತಿರುಗುತ್ತಾ ಒಂದು ಆಷಾಢದಲ್ಲಿ ಗುಂಡ್ಲುಪೇಟೆಗೆ ಬಂದಿಳಿದೆ.

ನನ್ನನ್ನು ಕರೆದೊಯ್ಯಲು ಬೈಕಿನಲ್ಲಿ ಬಂದಿದ್ದವರು ಐವತ್ತರ ಆಸುಪಾಸಿನ ರೈತ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಗೋಪಾಲಸ್ವಾಮಿ ಬೆಟ್ಟದ ರಸ್ತೆಯಿಂದ ಒಳಗೆ ಹೋದರೆ ಕಾಡಿನ ಅಂಚಿನಲ್ಲಿ ಅವರ ಜಮೀನು. ಜಮೀನಿನ ತುಂಬ ಚೆಂಡುಹೂ, ಹೂವಿನ ನಡುವೆ ಮನೆ, ಮನೆಯ ಮೇಲೆ ಪ್ರವಾಸಿಗರಿಗೆಂದು ಕಟ್ಟಿಸಿದ ಎರಡು ಕೋಣೆ. ಅವರ ಹೆಂಡತಿ ತಾಯಿಗೆ ಹುಷಾರಿಲ್ಲವೆಂದು ತವರಿಗೆ ಹೋಗಿದ್ದರು. ಬಂದವರಿಗೆ ತಿಂಡಿ ಮಾಡಿ ಹಾಕಲು ಒಂದು ಕೈ ಬೇಕಾಗಿತ್ತು.

“ನಿಮ್ಮನೆ ಅಂತಲೇ ತಿಳ್ಕಳಿ ಅಕ್ಕ,” ಎಂದರು ಯಜಮಾನರು. “ಬೆಳಗ್ಗೆ ತಿಂಡಿ, ಮದ್ಯಾನಕ್ಕೆ ಮುದ್ದೆ ಸಾರು. ಸಂಜೆ ಒಂದು ಸಣ್ಣ ಕೆಲ್ಸ ಅದೆ. ಅದ ಮಾಡ್ಬುಟ್ರೆ ಆಯ್ತು.”

ಆ ಸಣ್ಣ ಕೆಲಸವನ್ನು ಅಂದೇ ತೋರಿಸಿದರು. ಒಂದು ಬಕೆಟ್ ಬೂಸಾಕ್ಕೆ ಬೊಗಸೆ ತುಂಬ ಕಲ್ಲುಪ್ಪು, ಜಜ್ಜಿದ ಬೆಲ್ಲ ಹಾಕಿ ಕಲಸಬೇಕು. ಅದನ್ನು ಹೊತ್ತು ಹೂವಿನ ಹೊಲ ದಾಟಿದರೆ ಒಂದು ಹಳೆಯ ಕಲ್ಲುಬಾನಿ, ಹಿಂದೆ ದನಕ್ಕೆ ನೀರು ತುಂಬುತ್ತಿದ್ದದ್ದು. ಅದರೊಳಗೆ ಸುರಿದು ಬರಬೇಕು. ಬಾನಿಯ ಆಚೆ ಸ್ವಲ್ಪ ದೂರದಲ್ಲಿ ಆನೆ ದಾಟದಿರಲೆಂದು ತೋಡಿದ ಕಂದಕ, ಕಂದಕದ ಆಚೆ ಕಾಡು. “ದನಕ್ಕೆ,” ಎಂದರು ಯಜಮಾನರು. ದನಗಳೇನೋ ಇದ್ದವು, ಆದರೆ ಮನೆಯ ಮುಂದಿನ ಕೊಟ್ಟಿಗೆಯಲ್ಲಿ. ಅವುಗಳ ಮೇವು, ನೀರು ಎಲ್ಲ ಅಲ್ಲೇ. ಇಷ್ಟು ದೂರ ಬಂದು ಉಪ್ಪು ನೆಕ್ಕುವ ದನ ಯಾವುದು ಎಂದು ಕೇಳಬೇಕೆನಿಸಿತು. ಮೊದಲ ದಿನವೇ ಕೊಂಕು ತೆಗೆಯುವುದು ಬೇಡವೆಂದು ಬಾಯಿ ಮುಚ್ಚಿಕೊಂಡೆ. ನನ್ನ ಮಟ್ಟಿಗೆ ಅದು ಅಪರೂಪದ ಸಂಗತಿ.

ಆ ಜಾಗ ನನಗೆ ಹಿಡಿಸಲಿಲ್ಲ. ಮನೆಯ ಹತ್ತಿರ ಆಷಾಢದ ಗಾಳಿ ಒಣಗಹಾಕಿದ ಸೀರೆಯನ್ನು ಕಿತ್ತುಕೊಂಡು ಹೋಗುವಷ್ಟು ಜೋರಾಗಿತ್ತು. ಬಾನಿಯ ಹತ್ತಿರ ತಗ್ಗು, ಅಲ್ಲಿ ಗಾಳಿ ಇರಲಿಲ್ಲ. ಬಕೆಟ್ ಬಗ್ಗಿಸುವಾಗ ಉಪ್ಪಿನ ಹರಳು ಕಲ್ಲಿಗೆ ತಾಗಿ ಸದ್ದಾಗುತ್ತಿತ್ತು. ಆ ಸದ್ದಿಗೆ ಆಚೆಯ ಪೊದೆಯೊಳಗೆ ಏನೋ ಸುಮ್ಮನಾಗುತ್ತಿತ್ತು. ಅದು ಸುಮ್ಮನಾದ ಮೇಲೆಯೇ, ಅಲ್ಲಿಯವರೆಗೆ ಅಲ್ಲಿ ಏನೋ ಸದ್ದು ಮಾಡುತ್ತಿತ್ತು ಎನ್ನುವುದು ನನಗೆ ಗೊತ್ತಾಗುತ್ತಿತ್ತು. ಯಾರೋ ನೋಡುತ್ತಿದ್ದಾರೆ ಎನ್ನುವುದು ಬೆನ್ನಿಗೆ ಅಂಟಿಕೊಂಡು ಮನೆಯ ಬಾಗಿಲ ತನಕ ಬರುತ್ತಿತ್ತು. ನಾನು ಹೆದರುಪುಕ್ಕಲಿಯಲ್ಲ. ಆದರೂ ಖಾಲಿ ಬಕೆಟ್ ಹಿಡಿದು ಬರುವಾಗ ಕಾಲು ತಾನಾಗಿಯೇ ಬಿರುಸಾಗುತ್ತಿತ್ತು.

ಒಂದು ಬೆಳಗ್ಗೆ ಹಗಲ ಬೆಳಕಿನಲ್ಲಿ ನೋಡಿಯೇ ಬಿಡೋಣವೆಂದು ಹೋದೆ. ಬಾನಿ ಯಾರೋ ತೊಳೆದಿಟ್ಟಷ್ಟು ಚೊಕ್ಕಟವಾಗಿತ್ತು. ಕಂದಕದ ದಡ ಒಂದು ಕಡೆ ಮಳೆಗೆ ಕುಸಿದಿತ್ತು. ಕುಸಿದ ಮಣ್ಣನ್ನು ತುಳಿದು ತುಳಿದು ಒಳ್ಳೆಯ ಇಳಿಜಾರು ದಾರಿಯಾಗಿತ್ತು. ದಾರಿಯ ಈಚೆ ಲದ್ದಿ ಬಿದ್ದಿತ್ತು, ಅದರ ತುಂಬ ಹಲಸಿನ ಬೀಜ. ಬಯಲುಸೀಮೆಯವಳಾದರೇನು, ದನದ ಸಗಣಿಗೂ ಆನೆಯ ಲದ್ದಿಗೂ ವ್ಯತ್ಯಾಸ ತಿಳಿಯದಷ್ಟು ದಡ್ಡಿ ನಾನಲ್ಲ.

ಕೇಳಿದ್ದಕ್ಕೆ ಯಜಮಾನರು ಸಿಕ್ಕಿಬಿದ್ದವರಂತೆ ಕಾಣಲಿಲ್ಲ. ನಕ್ಕರು. “ಕಾಡಿನ ಜೀವಕ್ಕೂ ಉಪ್ಪು ಬ್ಯಾಡ್ವಾ ಅಕ್ಕ? ಪುಣ್ಯದ ಕೆಲ್ಸ ಕಣಕ್ಕ. ಸಂಜೆ ಮಾಳ್ಗೆ ಮೇಲೆ ಬನ್ನಿ, ನಿಮ್ಗೂ ತೋರುಸ್ತೀನಿ.”

ಅಂದು ಸಂಜೆ ಮಾಳಿಗೆಯ ಮೇಲೆ ಕುರ್ಚಿ ಹಾಕಿಕೊಂಡು ಕೇರಳದಿಂದ ಬಂದ ಗಂಡ ಹೆಂಡತಿ ಕಾಫಿ ಕುಡಿಯುತ್ತಿದ್ದರು. ಯಜಮಾನರು ಅವರಿಗೆ, ಅದೃಷ್ಟ ಇದ್ದರೆ ಕಾಣಿಸುತ್ತದೆ, ಇಲ್ಲದಿದ್ದರೆ ಇಲ್ಲ, ಎಲ್ಲ ಗೋಪಾಲಸ್ವಾಮಿಯ ಇಚ್ಛೆ ಎಂದು ಹೇಳುತ್ತಿದ್ದರು. ಬಾನಿಗೆ ಬೂಸಾ ಸುರಿದು ಬಂದವಳು ನಾನು, ಕೇಳಿ ನಗು ಬಂತು. ಸೂರ್ಯ ಇನ್ನೂ ಬೆಟ್ಟದ ಮೇಲಿರುವಾಗಲೇ ಕಂದಕದ ಆಚೆಯ ಪೊದೆ ಅಲುಗಿತು. ಒಂಟಿ ಸಲಗ. ಅವಸರವೇ ಇಲ್ಲದೆ ಇಳಿಜಾರಿನಲ್ಲಿ ಇಳಿದು, ಹತ್ತಿ, ಬಾನಿಯ ಹತ್ತಿರ ಬಂದು ನಿಂತಿತು. ಸುಳ್ಳೇಕೆ ಹೇಳಲಿ, ನನಗೆ ಸಂತೋಷದಿಂದ ಕಣ್ಣು ತುಂಬಿ ಬಂತು. ಅಷ್ಟು ದೊಡ್ಡ ಜೀವ ನಾನು ಕಲಸಿಟ್ಟದ್ದನ್ನು ತಿನ್ನುತ್ತಿತ್ತು. ಹಾಸ್ಟೆಲಿನಲ್ಲಿ ಅಷ್ಟು ವರ್ಷ ಬೇಯಿಸಿ ಹಾಕಿದ್ದೆ, ಯಾರೂ ಅಷ್ಟು ಚೊಕ್ಕವಾಗಿ ತಿಂದಿರಲಿಲ್ಲ.

ತಿಂದಾದ ಮೇಲೆ ಅದು ಬಂದ ದಾರಿಯಲ್ಲಿ ಹಿಂದಿರುಗಲಿಲ್ಲ. ಎಡಕ್ಕೆ ತಿರುಗಿ, ಕಂದಕದ ಈಚೆಯೇ ಹುಣಸೆಮರದ ಹಿಂದೆ ಮರೆಯಾಯಿತು. ಆ ಕಡೆ ಒಂದು ಶೀಟಿನ ಮನೆಯಿತ್ತು. ಕೇರಳದವರು ಚಪ್ಪಾಳೆ ತಟ್ಟಿದರು. ನನ್ನ ಸಂತೋಷ ಅಲ್ಲಿಗೆ ಮುಗಿಯಿತು.

ಆ ಶೀಟಿನ ಮನೆ, ಯಜಮಾನರ ಹೊಲದಲ್ಲಿ ಹೂ ಕೀಳಲು ಬರುವ ಹೆಂಗಸಿನದು. ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಅವಳನ್ನು ದಿನವೂ ನೋಡುತ್ತಿದ್ದೆ, ಮಾತು ಒಂದೆರಡು ಅಷ್ಟೇ. ಬೇಗೂರಿಗೆ ಕೊಟ್ಟಿದ್ದ ಮಗಳು ಹೆರಿಗೆಗೆ ಬಂದಿದ್ದಾಳೆ, ಮನೆಯಲ್ಲಿ ಹಸಿ ಬಾಣಂತಿ ಇದ್ದಾಳೆ ಎನ್ನುವುದು ಗೊತ್ತಿತ್ತು. ಮರುದಿನ ಉಳಿದ ಉಪ್ಪಿಟ್ಟನ್ನು ಡಬ್ಬಿಗೆ ಹಾಕಿಕೊಂಡು ಹೋದೆ. ಹಸಿ ಇಟ್ಟಿಗೆಯ ಗೋಡೆ, ಮೇಲೆ ಶೀಟು. ಒಳಗೆ ಕೆಂಡದ ಮೇಲೆ ಹಾಕಿದ ಸಾಂಬ್ರಾಣಿಯ ಹೊಗೆ, ಮೂಲೆಯಲ್ಲಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಕೂತ ಮಗಳು, ಅವಳ ತೊಡೆಯ ಮೇಲೆ ಕೂಸು. ಬಾಣಂತಿಗೆಂದು ಮಾಡಿದ ಶುಂಠಿ ಬೆಲ್ಲದ ವಾಸನೆ ಬಾಗಿಲಾಚೆಯೂ ಬರುತ್ತಿತ್ತು.

ಬಾಗಿಲ ಪಕ್ಕದಲ್ಲಿ ಒಂದು ಬಾಳೆಲೆ ಹಾಸಿತ್ತು. ಎಲೆಯ ಮೇಲೇನೂ ಇರಲಿಲ್ಲ. ಪಕ್ಕದಲ್ಲಿ ಉರಿದು ಮುಗಿದ ಊದುಬತ್ತಿ, ಎಲೆಯ ಸುತ್ತ ನೆಲದಲ್ಲಿ ಮೊರದಗಲದ ಹೆಜ್ಜೆ.

“ಆನೆ ಇಲ್ಲಿವರೆಗೂ ಬರುತ್ತಾ?” ಎಂದೆ.

“ಆ ಎಸ್ರ ಏಳ್ಬ್ಯಾಡ ಕನವ್ವ, ಸಾಮಿ ಅನ್ನು,” ಎಂದು ಕೆನ್ನೆಗೆ ಬಡಿದುಕೊಂಡಳು. “ನಾನೇ ಎಡೆ ಇಡದು. ಬಾಳೆಅಣ್ಣು, ಬೆಲ್ಲ, ಒಂದ್ ಓಳು ತೆಂಗಿನ್ಕಾಯಿ. ತಿನ್ಕೊಂಡು ತನ್ ಪಾಡ್ಗೆ ತಾನು ಓಯ್ತಾನೆ.”

ನಿಧಾನವಾಗಿ ಎಲ್ಲ ಹೇಳಿದಳು. ಮಗಳ ಹೆರಿಗೆ ಸಲೀಸಾದರೆ ತಾಯಿ ಕೂಸು ಇಬ್ಬರನ್ನೂ ಬೆಟ್ಟಕ್ಕೆ ಕರೆತರುತ್ತೇನೆ ಎಂದು ಗೋಪಾಲಸ್ವಾಮಿಗೆ ಹರಕೆ ಹೊತ್ತಿದ್ದಳು. ಹೆರಿಗೆ ಆಯಿತು. ಆದರೆ ಮೂರು ತಿಂಗಳು ತುಂಬದೆ ಬಾಣಂತಿಯನ್ನು ಊರಗಡಿ ದಾಟಿಸುವಂತಿಲ್ಲ, ಬೆಟ್ಟ ಹತ್ತಿಸುವುದು ಹೇಗೆ? “ಅದ್ಕೇ ಗ್ಯಾಪ್ಕ ಮಾಡಕ್ಕೆ ಗೋಪಾಲಸಾಮಿ ಇವ್ನ ಕಳ್ಸವ್ನೆ. ಬೆಟ್ಟದ ಗುಡಿ ತಾವ್ಕೂ ಬಂದು ಪ್ರಸಾದ ತಿಂತಾನಂತಲ್ಲ, ಇವ್ನೇಯ. ಇಲ್ದಿದ್ರೆ ನಾ ಮದ್ವೆ ಆಗಿ ಬಂದಾಗಿಂದ ಈ ಕಡೀಕೆ ಕಾಲೇ ಇಕ್ಕದೋನು ಈಗ ಯಾಕೆ ದಿನಾ ಬಂದಾನು, ನೀನೇ ಏಳು?”

ಮೊದಲು ಎಡೆಯನ್ನು ಅಲ್ಲಿ ಹುಣಸೆಮರದ ಬುಡದಲ್ಲಿ ಇಡುತ್ತಿದ್ದಳಂತೆ. ನಾಯಿ ಬಂದು ಮೂತಿ ಹಾಕತೊಡಗಿತು. ದೇವರ ಎಡೆ ನಾಯಿ ಮುಟ್ಟಿದರೆ ಇನ್ನೂ ಕೆಡುಕೆಂದು ಅಂಗಳಕ್ಕೆ ತಂದಳು. ಅಲ್ಲಿಗೂ ನಾಯಿ ಬಂತು. ಕೊನೆಗೆ ತನ್ನ ಕಣ್ಣೆದುರೇ ಇರಲೆಂದು ಬಾಗಿಲ ಪಕ್ಕಕ್ಕೆ ತಂದಿಟ್ಟಿದ್ದಳು. ಗೋಡೆಯ ಆ ಬದಿಗೆ ಕೂಸು ಮಲಗುವ ಜಾಗ.

ಅಲ್ಲೇ ಹೇಳಿಬಿಟ್ಟೆ. ಇದು ಹರಕೆಯೂ ಅಲ್ಲ, ಏನೂ ಅಲ್ಲ. ನಿಮ್ಮ ಯಜಮಾನರು ಬಾನಿಯಲ್ಲಿ ಉಪ್ಪು, ಬೆಲ್ಲ ಇಡಿಸುತ್ತಾರೆ, ದಿನಾ ಸಂಜೆ ಹೊತ್ತುಕೊಂಡು ಹೋಗುವವಳು ನಾನೇ. ಆನೆಗೆ ಉಪ್ಪೆಂದರೆ ಜೀವ, ಅದಕ್ಕೇ ಕಾಡು ಬಿಟ್ಟು ಬರುತ್ತಿದೆ. ನಿನ್ನ ಎಡೆ ಅದನ್ನು ಅಲ್ಲಿಂದ ಮನೆಬಾಗಿಲಿಗೆ ಕರೆಯುತ್ತಿದೆ. ಇವತ್ತಿನಿಂದ ನಿಲ್ಲಿಸು ಎಂದೆ. ಕೈಮುಗಿದೂ ಹೇಳಿದೆ. ಆಕೆ ನನ್ನನ್ನು ಮರುಕದಿಂದ ನೋಡಿದಳು.

“ಬುದ್ದಿಯೋರು ಉಪ್ಪು ಇಡದಾ ನಂಗೇನು ಗೊತ್ತಿಲ್ವಾ? ದನಕ್ಕೆ ಇಡ್ತಾರೆ. ನೀನು ಬಯಲುಸೀಮೆಯೋಳು, ನಮ್ ಸಾಮಿ ಇಚಾರ ನಿಂಗ್ ತಿಳಿದಿಲ್ಲ ಬುಡು,” ಎಂದಳು. ಡಬ್ಬಿ ತೊಳೆದುಕೊಟ್ಟಳು. ಒಳಗಿನಿಂದ ಮಗಳು ಮಾತ್ರ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಭಯವಿತ್ತು.

ಮನೆಗೆ ಬಂದವಳು ಬಕೆಟ್ಟನ್ನು ಯಜಮಾನರ ಮುಂದೆ ಕುಕ್ಕಿದೆ. ಇನ್ನು ಮೇಲೆ ಈ ಕೆಲಸ ನನ್ನಿಂದಾಗದು ಎಂದೆ. ಬಾಣಂತಿ ಇರುವ ಮನೆಯ ಪಕ್ಕಕ್ಕೆ ಆನೆಯನ್ನು ಕರೆಸುತ್ತೀರಲ್ಲ, ಮನುಷ್ಯರಾ ನೀವು ಎಂದೂ ಕೇಳಿದೆ. ಸಿಟ್ಟು ಬಂದರೆ ನನಗೆ ಹಿಂದು ಮುಂದು ಕಾಣುವುದಿಲ್ಲ.

“ನಾನೇನು ಅದ್ಕೆ ಫೋನ್ ಮಾಡಿ ಕರ್ದಿದ್ದೀನಾ? ಅದ್ರ ಕಾಡು, ಅದ್ರ ದಾರಿ,” ಎಂದರು.

“ಬೂಸಾ ಬೆಲ್ಲ ಕಲಸಿ ಕರೆಯೋದಕ್ಕೆ ಫೋನ್ ಬೇರೆ ಬೇಕಾ?”

ಅವರ ನಗು ಅಂದು ಮೊದಲ ಬಾರಿಗೆ ಮಾಯವಾಯಿತು. “ಅವಳ್ಗೂ ನಮ್ ಒಲ್ದಿಂದ್ಲೇ ಅನ್ನ. ಅವಳೇ ತುಟಿ ಪಿಟಕ್ ಅಂತಿಲ್ಲ. ಉಪ್ಪಿಟ್ಟೋರ್ನ ಮುಪ್ಪಿನ ತನಕ ನೆನೀಬೇಕು ಅಂತಾರೆ ಅಕ್ಕ, ನೀವು ನೋಡುದ್ರೆ ಉಂಡ ಮನೆಗೇ ತಿರುಗಿ ಬೀಳ್ತೀರಿ.”

“ದುಡಿದು ಉಂಡಿದ್ದೀನಿ, ಬಿಟ್ಟಿ ಉಂಡಿಲ್ಲ,” ಎಂದೆ. ಬೆಟ್ಟದ ಬುಡದ ಗೇಟಿನಲ್ಲಿ ಅರಣ್ಯದವರು ಇರುತ್ತಾರೆ, ನಡೆದುಹೋಗಿ ಬಾನಿಯ ವಿಷಯ ಹೇಳಿ ಬರುತ್ತೇನೆ ಎಂದೂ ಹೇಳಿದೆ. ಅದು ತಾಗಿತು. ಅವರು ವಿಭೂತಿಯ ಹಣೆ ಒರೆಸಿಕೊಂಡರು. ಆಮೇಲೆ ತಾವೇ ಹಾರೆ ಹಿಡಿದು ಹೋಗಿ ಬಾನಿಯನ್ನು ಮೀಟಿ ಬೋರಲು ಹಾಕಿ ಬಂದರು. “ಈಗ ಸಮಾಧಾನವಾಯ್ತಾ?” ಎಂದರು. ಆಯಿತು ಎಂದೆ. ನಿಜಕ್ಕೂ ಆಗಿತ್ತು. ಅಂದು ಮಧ್ಯಾಹ್ನ ಬಹಳ ದಿನಗಳ ಮೇಲೆ ಒಂದು ಜೋಂಪು ನಿದ್ದೆ ಬಂತು.

ಸಂಜೆ ಸಲಗ ಬಂದಾಗ ನಾನು ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಬೋರಲು ಬಿದ್ದ ಬಾನಿಯನ್ನು ಅದು ಮೂಸಿತು. ಕಾಲಿನಿಂದ ತಳ್ಳಿತು, ಬಾನಿ ಬುಟ್ಟಿಯಂತೆ ಉರುಳಿತು. ಆಮೇಲೆ ಅಲ್ಲೇ ಅಲುಗಾಡದೆ ನಿಂತಿತು. ಆನೆ ಯೋಚಿಸುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ನೋಡುವವರಿಗೆ ಹಾಗೆ ಕಾಣಿಸಿತು. ಮತ್ತೆ ಎಡಕ್ಕೆ ತಿರುಗಿತು. ಈ ಸಲ ಅದರ ನಡಿಗೆಯಲ್ಲಿ ಅವಸರವಿತ್ತು.

ಬಟ್ಟೆ ಅಲ್ಲೇ ಬಿಸಾಡಿ, ಕೂಗುತ್ತಾ ಮೆಟ್ಟಿಲಿಳಿದು ಹೂವಿನ ಹೊಲದೊಳಗೆ ಓಡಿದೆ. ಹೊಲದ ನಡುವೆ ಯಜಮಾನರು ಹಿಂದಿನಿಂದ ಬಂದು ನನ್ನ ರಟ್ಟೆ ಹಿಡಿದು ನಿಲ್ಲಿಸಿದರು. ಅಲ್ಲಿಂದ ಎಲ್ಲ ಕಾಣಿಸುತ್ತಿತ್ತು. ಎಲೆಯ ಮೇಲಿದ್ದದ್ದು ಅದಕ್ಕೆ ಒಂದು ತುತ್ತಾಯಿತು. ಆ ಹೆಂಗಸು ಬಾಗಿಲಿನಲ್ಲಿ ಕೈಮುಗಿದು ನಿಂತಿದ್ದಳು, ಓಡಲಿಲ್ಲ. ಸಲಗ ಸೊಂಡಿಲೆತ್ತಿ ಗಾಳಿ ಮೂಸಿತು. ಶುಂಠಿ ಬೆಲ್ಲದ ವಾಸನೆ ಅದಕ್ಕೂ ಬಂದಿರಬೇಕು. ಪಕ್ಕಕ್ಕೆ ಸರಿದು ಹಣೆಯನ್ನು ಗೋಡೆಗೆ ಒತ್ತಿತು. ಜೋರಾಗಿಯೂ ಒತ್ತಲಿಲ್ಲ, ಬಿಗಿದುಕೊಂಡ ಬಾಗಿಲಿಗೆ ನಾವು ಭುಜ ಕೊಡುವ ಹಾಗೆ ಅಷ್ಟೇ. ಗೋಡೆ ಒಳಕ್ಕೆ ಕುಸಿಯಿತು, ಶೀಟು ಕಿರುಚಿತು. ಧೂಳಿನೊಳಗಿನಿಂದ ಮೊದಲು ಕೇಳಿಸಿದ್ದು ಕೂಸಿನ ಅಳು. ಆಮೇಲೆ ಅದೂ ನಿಂತುಹೋಯಿತು.

ಯಜಮಾನರು ಅಷ್ಟರಲ್ಲಿ ಫೋನ್ ಮಾಡಿದ್ದರು. ಅರಣ್ಯದವರ ಜೀಪು ಬಂದು ಪಟಾಕಿ ಹೊಡೆಯುವವರೆಗೆ ಸಲಗ ಬಿದ್ದ ಗೋಡೆಯೊಳಗೆ ಸೊಂಡಿಲು ಹಾಕಿ ಬೆಲ್ಲದ ಡಬ್ಬಿ, ರಾಗಿಯ ಚೀಲ ಎಲ್ಲ ಈಚೆಗೆಳೆದು ತಿಂದಿತು. ಪಟಾಕಿಯ ಸದ್ದಿಗೆ ಕಂದಕ ಇಳಿದು ಹೋಯಿತು. ನಾವು ಓಡಿಹೋಗಿ ನೋಡಿದರೆ ಮಗಳು ಕೂಸನ್ನು ಎದೆಗೆ ಅವಚಿಕೊಂಡು ಆಚೆ ಮೂಲೆಯಲ್ಲಿ ಮುದುಡಿ ಕೂತಿದ್ದಳು. ಕೂಸಿನ ಬಾಯಿಗೆ ಮೊಲೆ ಕೊಟ್ಟು ಸುಮ್ಮನಾಗಿಸಿದ್ದಳು. ಇಬ್ಬರ ಮೈಯೂ ಮಣ್ಣು. ಒಂದು ಗೀರೂ ಇರಲಿಲ್ಲ. ನಾನು ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತೆ.

ಆ ಹೆಂಗಸು ಅಳಲಿಲ್ಲ. ಅವಳ ಮುಖ ಬೆಳಗುತ್ತಿತ್ತು. “ನೋಡ್ದಾ ಕನವ್ವ? ಗ್ವಾಡೆ ಬೀಳುಸ್ಬುಟ್ಟು ಕೂಸ್ನ ಮುಟ್ನಿಲ್ಲ. ಎಡೆ ಇಟ್ಟಿದ್ಕೇ ಬುಟ್ಟ,” ಎಂದಳು. ದಡ ಕುಸಿದಿದೆ, ಯಂತ್ರ ತರಿಸಿ ಸರಿಮಾಡುತ್ತೇವೆ, ಅಲ್ಲಿಯವರೆಗೆ ಇಲ್ಲಿರಬೇಡಿ ಎಂದು ಹೇಳಿ ಅರಣ್ಯದವರು ಹೋದರು.

ಬಾಣಂತಿಯನ್ನು ನನ್ನ ಕೋಣೆಯಲ್ಲಿ ಮಲಗಿಸುತ್ತೇನೆ, ನಾನು ಅಡುಗೆಮನೆಯಲ್ಲಿ ಮಲಗುತ್ತೇನೆ ಎಂದು ಯಜಮಾನರನ್ನು ಕೇಳಿದೆ. ಅವರು ನೆಲ ನೋಡಿಕೊಂಡು, “ನಾಳೆ ಮೇಲಿನ ಎರಡ್ ರೂಮ್ಗೂ ಜನ ಬತ್ತಾವ್ರೆ ಅಕ್ಕ. ಸಾಂಬ್ರಾಣಿ ಒಗೆ, ಕೂಸಿನ ಅಳು... ಎಂಗಾದದು?” ಎಂದರು. ಬರುವವರು, ಕೇರಳದವರು ಮಾಳಿಗೆಯಿಂದ ತೆಗೆದು ಹಂಚಿದ್ದ ಆನೆಯ ವಿಡಿಯೋ ನೋಡಿದ ಜನ. ಬ್ಯಾಗು ಕಟ್ಟಿಕೊಂಡೆ.

ಮರುದಿನ ಗುಂಡ್ಲುಪೇಟೆಯಿಂದ ಆಟೋ ಒಂದನ್ನು ಗೊತ್ತುಮಾಡಿ ಕರೆತರುವುದರೊಳಗೆ ಹೊತ್ತು ಇಳಿಯತೊಡಗಿತ್ತು. ತಾಯಿ, ಮಗಳು, ಕೂಸು ಮೂವರನ್ನೂ ಬೇಗೂರಿಗೆ, ಮಗಳ ಗಂಡನ ಮನೆಗೆ ಮುಟ್ಟಿಸಿ ಅಲ್ಲಿಂದ ನಾನು ಬಸ್ಸು ಹತ್ತುವುದೆಂದು ಲೆಕ್ಕ. ಮಗಳು ಕೂಸಿಗೆ ಬಟ್ಟೆ ಸುತ್ತಿ ತಯಾರಾಗಿ ಕೂತಿದ್ದಳು. ಬಿದ್ದ ಗೋಡೆಗೆ ನೀಲಿ ಪ್ಲಾಸ್ಟಿಕ್ ಕಟ್ಟಿತ್ತು, ರಾತ್ರಿ ಅವರು ಮಲಗಿದ್ದು ಅದರ ಮರೆಯಲ್ಲೇ. ಗಾಳಿಗೆ ಅದು ಉಬ್ಬುತ್ತಿತ್ತು, ಹಿಂದಕ್ಕೆ ಅಂಟುತ್ತಿತ್ತು. ತಾಯಿ ಮಾತ್ರ ಬಾಗಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬಾಳೆಲೆ ಒರೆಸುತ್ತಿದ್ದಳು.

“ಆಟೋ ಕಾಯ್ತಾ ಇದೆ, ಏಳು,” ಎಂದೆ.

“ಊರ್‌ಗಡಿ ದಾಟ್ಸಂಗಿಲ್ಲ ಅಂತ ಏಳಿಲ್ವ ನಿಂಗೆ? ಅರ್ಕೆನೂ ತೀರ್ಸ್ದೆ ಎಡೆನೂ ಇಕ್ದೆ ಓದ್ರೆ ದಾರೀಲಿ ಅಡ್ಡ ಆಕ್ಬುಡ್ತಾನೆ. ಎಲ್ಲಾರ ಓಗು, ಅವ್ನ ಕಣ್ಣು ತಪ್ಪುಸಕ್ಕಾದದಾ?”

“ಅವ್ವ,” ಎಂದಳು ಒಳಗಿನಿಂದ ಮಗಳು. ಅಷ್ಟೇ ಎಂದಳು.

ತಾಯಿ ತಿರುಗಿ ನೋಡಲಿಲ್ಲ. ಎಲೆಯ ಮೇಲೆ ಹಣ್ಣಿಟ್ಟಳು, ಬೆಲ್ಲವಿಟ್ಟಳು. ಆಮೇಲೆ ಪಕ್ಕದಲ್ಲಿದ್ದ ಪೊಟ್ಟಣ ಬಿಚ್ಚಿ ಕಲ್ಲುಪ್ಪನ್ನು ಎರಡೂ ಕೈಯಿಂದ ಎಲೆಯ ನಡುವೆ ರಾಶಿ ಸುರಿದಳು.

“ನೀನೇ ಏಳ್ದಲ್ಲವ್ವ, ಅವ್ನಿಗೆ ಉಪ್ಪು ಅಂದ್ರೆ ಜೀವ ಅಂತ,” ಎಂದಳು. ದನಿಯಲ್ಲಿ ಅಕ್ಕರೆಯಿತ್ತು. “ಇಷ್ಟ್ ದಿನ ನಂಗೆ ತಿಳೀನೇ ಇಲ್ಲ. ಬರೀ ಸಿಹೀನೇ ಇಕ್ಕಿದ್ಕೆ ಗ್ವಾಡೆ ಬೀಳುಸ್ದ. ಇವತ್ತು ಕ್ವಾಪ ತೀರ್ತದೆ ಬುಡು.”

ಮಾಳಿಗೆಯ ಮೇಲೆ ಯಜಮಾನರು ಹೊಸದಾಗಿ ಬಂದವರಿಗೆ ಕುರ್ಚಿ ಹಾಕುತ್ತಿದ್ದರು. ನಾನು ಬಗ್ಗಿ ಎಲೆಯ ತುದಿ ಹಿಡಿದು ಎಳೆದೆ. ಆಕೆ ನನ್ನ ಮಣಿಕಟ್ಟು ಹಿಡಿದಳು. ಹೂ ಕಿತ್ತು ಕಿತ್ತು ಗಟ್ಟಿಯಾದ ಕೈ. ನಾನು ಎಷ್ಟು ಎಳೆದರೂ ಅವಳು ಬಿಡಲಿಲ್ಲ.